ಸಹಾಯ ಬೇಕು: ನಮ್ಮ ಶಿಹ್ ತ್ಸು ನಾಯಿ ಒಬ್ಬನೇ ಇರುವುದಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡನಿಗೆ ಎರಡು ವರ್ಷ, ತೂಕ 6 ಕೆಜಿ. ಬಲು ಮುದ್ದು. ಯಾರೇ ಬಂದರೂ ಬೊಗಳುವುದಕ್ಕಿಂತ ಬಾಲ ಆಡಿಸುವುದೇ ಜಾಸ್ತಿ. ಆದರೆ ಈ ತಿಂಗಳಿಂದ ನಾನು ಮತ್ತೆ ಆಫೀಸಿಗೆ ಹೋಗುತ್ತಿದ್ದೇನೆ. ಬೀಗದ ಕೈ ಸದ್ದಾದರೆ ಸಾಕು, ಓಡಿ ಬಂದು ನನ್ನ ಚಪ್ಪಲಿ ಮೇಲೆ ಮಲಗಿಬಿಡುತ್ತಾನೆ. ಸಂಜೆ ಬಂದು ನೋಡಿದರೆ ಬಟ್ಟಲಲ್ಲಿ ಊಟ ಹಾಗೇ ಇರುತ್ತದೆ. ಮುಂಗಾಲು ನೆಕ್ಕಿ ನೆಕ್ಕಿ ಒದ್ದೆಯಾಗಿರುತ್ತದೆ. ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಅಂತ ಒಬ್ಬನೇ ಬಿಟ್ಟು ರೂಢಿ ಮಾಡಿಸುತ್ತಿದ್ದೇನೆ. ನಿಮ್ಮ ನಾಯಿಗೆ ಎಷ್ಟು ದಿನ ಹಿಡಿಯಿತು? ಇನ್ನೊಂದು ನಾಯಿ ತನ್ನಿ ಅಂತ ಮಾತ್ರ ಹೇಳಬೇಡಿ, ಇಬ್ಬರನ್ನು ನೋಡಿಕೊಳ್ಳಲು ಆಗುವುದಿಲ್ಲ.

ಇನ್ನೊಂದು ಚಿಂತೆ, ಕಲಬುರಗಿಯ ಬಿಸಿಲು. 40 ಡಿಗ್ರಿ ದಾಟಿದೆ. ಮೊಂಡು ಮೂಗಿನ ತಳಿ ಅಲ್ವಾ, ಸೆಕೆಗೆ ಏದುಸಿರು ಬಿಡುತ್ತಾನೆ. ಬೆಳಿಗ್ಗೆ 6ಕ್ಕೆ ಮುಂಚೆಯೇ ವಾಕಿಂಗ್ ಮುಗಿಸುತ್ತೇವೆ, ಕತ್ತಿನ ಪಟ್ಟಿ ಬಿಟ್ಟು ಎದೆಗೆ ಕಟ್ಟುವ ಹಾರ್ನೆಸ್ ಹಾಕುತ್ತೇನೆ. ಕೂದಲು ಕಣ್ಣಿಗೆ ಚುಚ್ಚದಂತೆ ದಿನಾ ಬಾಚಿ ಜುಟ್ಟು ಕಟ್ಟುತ್ತೇನೆ. ಪೂರ್ತಿ ಬೋಳಿಸಿ ಅಂತ ಕೆಲವರು ಹೇಳುತ್ತಾರೆ. ಚರ್ಮ ಬಿಸಿಲಿಗೆ ಸುಟ್ಟೀತು ಅಂತ ನನಗೆ ಭಯ. ಬೇಸಿಗೆಗೆ ನೀವು ಎಷ್ಟು ಗಿಡ್ಡ ಮಾಡಿಸುತ್ತೀರಿ? ಈ ತಳಿ ಸಾಕಿದವರು ದಯವಿಟ್ಟು ತಿಳಿಸಿ.