ಕಡಲ ಗಾಳಿಯ 50 ನ್ಯಾನೋಮೀಟರ್ ಕಣಗಳು: ಉಪ್ಪೋ, ಗಂಧಕವೋ, ಡೀಸೆಲ್ ಹೊಗೆಯೋ?

ಕರಾವಳಿ_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಹತ್ತಿರ ಕಡಲಂಚಿನಲ್ಲಿ ಎಸ್‌ಎಂಪಿಎಸ್ (ಗಾಳಿಯ ಕಣಗಳನ್ನು ಗಾತ್ರವಾರು ಎಣಿಸುವ ಯಂತ್ರ) ಮತ್ತು ಫಿಲ್ಟರ್ ಸ್ಯಾಂಪ್ಲರ್ ಇಟ್ಟು ಮಾಡುವ ಪ್ರಾಜೆಕ್ಟ್ ನಮ್ಮದು. ಫಿಲ್ಟರಿನ ತೂಕದಲ್ಲಿ ಬಹುಪಾಲು ಸೋಡಿಯಂ, ಕ್ಲೋರೈಡ್. ಆದರೆ ಎಣಿಕೆಯಲ್ಲಿ 40–50 ನ್ಯಾನೋಮೀಟರ್ ಹತ್ತಿರ ಒಂದು ಗುಡ್ಡ, 150–180ರಲ್ಲಿ ಇನ್ನೊಂದು, ನಡುವೆ 70–80ರಲ್ಲಿ ತಗ್ಗು. ಗಾಳಿ ಸಮುದ್ರದ ಕಡೆಯಿಂದಲೇ ಬೀಸುತ್ತಿತ್ತು. ಈ ಸಣ್ಣ ಕಣಗಳೂ ಅಲೆಯ ತುಂತುರಿನ ಉಪ್ಪೇನಾ? ಅಥವಾ ಸಸ್ಯಪ್ಲವಕ (ಕಡಲಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು) ಹೊರಬಿಡುವ ಗಂಧಕದ ಅನಿಲ ಡಿಎಂಎಸ್‌ನಿಂದ ಆದವಾ?

ಅಲೆನೊರೆ

ತೂಕ ನೋಡಿ ಮೂಲ ಹೇಳಲು ಹೋದರೆ ಇಲ್ಲೇ ದಾರಿ ತಪ್ಪುತ್ತದೆ. 2 ಮೈಕ್ರಾನ್ ವ್ಯಾಸದ ಒಂದೇ ಒಂದು ಒಣ ಉಪ್ಪಿನ ಕಣದ ಘನಗಾತ್ರ 40 ನ್ಯಾನೋಮೀಟರ್‌ನ 1,25,000 ಕಣಗಳಿಗೆ ಸಮ. ಫಿಲ್ಟರ್ ಬರೀ ಉಪ್ಪು ತೋರಿಸುವಾಗಲೂ ಎಣಿಕೆಯಲ್ಲಿ ಉಪ್ಪಿನ ಪಾಲು ತೀರಾ ಕಡಿಮೆ ಇರಬಹುದು. ಕ್ವಿನ್ ಮತ್ತು ಸಂಗಡಿಗರು 2017ರಲ್ಲಿ ಹಲವು ಸಾಗರಯಾನಗಳ ಅಳತೆಗಳನ್ನು ಒಟ್ಟು ಸೇರಿಸಿ ನೋಡಿದಾಗ, ದಕ್ಷಿಣದ ಎತ್ತರದ ಅಕ್ಷಾಂಶಗಳನ್ನು ಬಿಟ್ಟರೆ ಉಳಿದೆಡೆ, ಮೋಡದ ಹನಿಗೆ ಬೀಜವಾಗುವ ಕಣಗಳಲ್ಲಿ ತುಂತುರಿನ ಪಾಲು ಶೇ. 30ಕ್ಕಿಂತ ಕಡಿಮೆ ಎಂದು ಕಂಡಿತು.

ತುಂತುರು ಏಳುವುದು ಗುಳ್ಳೆ ಒಡೆದಾಗ. ಗಾಳಿ ಸೆಕೆಂಡಿಗೆ ಸುಮಾರು 4 ಮೀಟರ್ ದಾಟಿದ ಮೇಲೆ ಅಲೆ ಮುರಿದು ಬಿಳಿ ನೊರೆ ಕಾಣಿಸಿಕೊಳ್ಳುತ್ತದೆ. ನೀರೊಳಗೆ ಸಿಕ್ಕಿದ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳ್ಳೆಯ ತೆಳು ಪೊರೆ ಹರಿದು ಸಿಡಿಯುವ ಚೂರುಗಳು ಹೆಚ್ಚಾಗಿ ಒಂದು ಮೈಕ್ರಾನಿಗಿಂತ ಚಿಕ್ಕವು. ಪೊರೆ ಹೋದ ಕುಳಿ ಮುಚ್ಚಿಕೊಳ್ಳುವಾಗ ನಡುವಿನಿಂದ ಚಿಮ್ಮುವ ನೀರಿನ ಹನಿಗಳು ಗುಳ್ಳೆಯ ವ್ಯಾಸದ ಹತ್ತನೇ ಒಂದರಷ್ಟಿದ್ದು, ತೂಕವನ್ನೆಲ್ಲ ಹೊರುವುದು ಹೆಚ್ಚಾಗಿ ಇವೇ. ಹನಿ ಪೂರ್ತಿ ಒಣಗಿದರೆ ವ್ಯಾಸ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಗಾಳಿವೇಗ. 1980ರ ಮೊನಹನ್ ಸೂತ್ರದ ಪ್ರಕಾರ ನೊರೆಯ ಹರವು ವೇಗದ 3.41ನೇ ಘಾತದಂತೆ ಏರುತ್ತದೆ. ಅಂದರೆ ವೇಗ 5ರಿಂದ 10 ಮೀಟರಿಗೆ ಏರಿದರೆ ನೊರೆ ಹತ್ತುಪಟ್ಟು ಹೆಚ್ಚುತ್ತದೆ. 40 ನ್ಯಾನೋಮೀಟರ್ ಗುಡ್ಡ ವೇಗದ ಜೊತೆ ಏರದಿದ್ದರೆ ಅದಕ್ಕೆ ತುಂತುರು ಕಾರಣವಲ್ಲ ಎಂಬ ಗುಮಾನಿ ಬಲವಾಗುತ್ತದೆ.

ಮೋಡಬೀಜ

ಮೇಲಿನ ಮಾತು ಸರಿ. ಆದರೆ ತುಂತುರು ಅಲ್ಲ ಅಂದ ಮಾತ್ರಕ್ಕೆ ಡಿಎಂಎಸ್ ಎಂದು ಬರೆದುಬಿಡಬೇಡಿ. ಸಸ್ಯಪ್ಲವಕದಿಂದ ಡಿಎಂಎಸ್, ಅದರಿಂದ ಗಂಧಕಾಮ್ಲ, ಅದರಿಂದ ಕಣ, ಕಣದಿಂದ ಮೋಡ ಎಂಬ ನೇರ ಸರಪಳಿಯನ್ನು 1987ರಲ್ಲಿ ಚಾರ್ಲ್ಸನ್, ಲವ್‌ಲಾಕ್, ಆಂಡ್ರೆಯ, ವಾರನ್ ಮುಂದಿಟ್ಟರು. ಅಳತೆಗಳು ಆ ಸರಪಳಿಗೆ ಒಗ್ಗುವುದಿಲ್ಲ ಎಂದು 2011ರಲ್ಲಿ ಕ್ವಿನ್ ಮತ್ತು ಬೇಟ್ಸ್ ವಾದಿಸಿದರು. ತೊಡಕು ಇರುವುದು ನಡುವಿನ ಕೊಂಡಿಯಲ್ಲಿ. ಸಮುದ್ರದ ಮೈಗೆ ಹತ್ತಿರದ ಗಾಳಿಯಲ್ಲಿ ಉಪ್ಪಿನ ಕಣಗಳು ಎಷ್ಟಿರುತ್ತವೆಂದರೆ, ಗಂಧಕಾಮ್ಲದ ಆವಿ ಹೊಸ ಕಣ ಕಟ್ಟುವ ಮೊದಲೇ ಅವುಗಳ ಮೇಲೆ ಕೂತುಬಿಡುತ್ತದೆ.

ಹೊಸ ಕಣ ಕಟ್ಟಲು ಹಳೆಯ ಕಣಗಳು ಮಳೆಗೆ ತೊಳೆದುಹೋಗಿರಬೇಕು, ತಂಪಿರಬೇಕು, ಬಿಸಿಲು ಬೇಕು. ಎತ್ತರದ ಮೋಡಗಳು ಗಾಳಿಯನ್ನು ಮೇಲಕ್ಕೆ ತಳ್ಳಿ ಹೊರಚೆಲ್ಲುವ ಕಡೆ ಈ ಮೂರೂ ಸಿಗುತ್ತವೆ. ಅಲ್ಲಿ ಒಂದೆರಡು ನ್ಯಾನೋಮೀಟರ್‌ನಲ್ಲಿ ಹುಟ್ಟಿದ ಕಣ ದಿನಗಟ್ಟಲೆ ಬೆಳೆಯುತ್ತಾ ಕೆಳಗಿಳಿದು ನಿಮ್ಮ ಯಂತ್ರಕ್ಕೆ 40ರ ಗುಡ್ಡವಾಗಿ ಕಾಣುತ್ತದೆ. ಕೆಳಪದರದಲ್ಲಿ ಕಣ ಹುಟ್ಟುವುದೇ ಇಲ್ಲ ಎಂದಲ್ಲ. ಅಜೋರ್ಸ್‌ನ ಗ್ರಾಸಿಯೋಸಾ ದ್ವೀಪದ ಅಳತೆಗಳಿಂದ 2021ರಲ್ಲಿ ತಿಳಿದಂತೆ, ಶೀತಮುಖ (ತಣ್ಣನೆಯ ಗಾಳಿರಾಶಿಯ ಮುಂಚೂಣಿ) ಹಾದುಹೋದ ಮೇಲೆ ಆ ಪದರದ ಮೇಲ್ಭಾಗದಲ್ಲೂ ಹುಟ್ಟುತ್ತವೆ.

ಎರಡು ಗುಡ್ಡಗಳ ನಡುವಿನ ತಗ್ಗನ್ನು 1986ರಲ್ಲಿ ಹೊಪೆಲ್ ವಿವರಿಸಿದರು. ಮೋಡದೊಳಗೆ ಸುಮಾರು 70–80ಕ್ಕಿಂತ ದೊಡ್ಡ ಕಣಗಳು ಹನಿಯಾಗುತ್ತವೆ. ಹನಿಯೊಳಗೆ ಸಲ್ಫರ್ ಡೈಆಕ್ಸೈಡು ಹೈಡ್ರೋಜನ್ ಪೆರಾಕ್ಸೈಡಿನ ಜೊತೆ ಸೇರಿ ಸಲ್ಫೇಟ್ ಆಗುತ್ತದೆ. ಮಳೆ ಬೀಳದೆ ಹನಿ ಆರಿದರೆ ಕಣ ಮೊದಲಿಗಿಂತ ದಪ್ಪಗಾಗಿ ಉಳಿಯುತ್ತದೆ. ಆದ್ದರಿಂದ ಆ ತಗ್ಗು ಗಾಳಿ ಮೋಡದ ಮೂಲಕ ಹಾದು ಬಂದಿದೆ ಎಂದಷ್ಟೇ ಹೇಳುತ್ತದೆ. ನೆಲದ ಹೊಗೆಯೂ ಮೋಡದಲ್ಲಿ ಸುತ್ತಿ ಬಂದರೆ ಅದೇ ಆಕಾರ ತಾಳಬಲ್ಲದು.

ಅಯೋಡಿನ್ ಬಗ್ಗೆಯೂ ಯಾರಾದರೂ ಕೇಳಬಹುದು. ಐರ್ಲೆಂಡಿನ ಮೇಸ್ ಹೆಡ್‌ನಲ್ಲಿ ಇಳಿತದ ಹೊತ್ತು ಬಯಲಾಗುವ ಕಂದು ಪಾಚಿಯಿಂದ ಅಯೋಡಿನ್ ಹೊರಬಿದ್ದು ಕಣಗಳ ಸ್ಫೋಟವೇ ಆಗುತ್ತದೆ. ಅಲ್ಲಿನ ಲ್ಯಾಮಿನೇರಿಯಾ ತಣ್ಣೀರಿನ ಪಾಚಿ, ನಮ್ಮ ಕರಾವಳಿಯದಲ್ಲ. ಇಳಿತ ಮತ್ತು ಮಧ್ಯಾಹ್ನದ ಬಿಸಿಲು ಒಟ್ಟಿಗೆ ಬಂದಾಗ 3–10 ನ್ಯಾನೋಮೀಟರ್ ಕಣಗಳು ದಿಢೀರನೆ ಏರದಿದ್ದರೆ ಆ ಮಾತು ಎತ್ತುವ ಅಗತ್ಯವಿಲ್ಲ.

ಕರಾವಳಿ_ಎಂಎಸ್ಸಿ

ತುಂಬಾ ಧನ್ಯವಾದ ಸರ್. ನಮ್ಮಲ್ಲಿ ಏರೋಸಾಲ್ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲ. ಅಯಾನ್ ಕ್ರೊಮಟೋಗ್ರಫಿ (ಫಿಲ್ಟರಿನ ಸೋಡಿಯಂ, ಸಲ್ಫೇಟ್‌ನಂಥ ಅಯಾನುಗಳನ್ನು ಅಳೆಯುವುದು) ಮತ್ತು ಇಥಲೋಮೀಟರ್ (ಕಪ್ಪು ಇಂಗಾಲ, ಅಂದರೆ ಮಸಿ ಅಳೆಯುವುದು) ಇವೆ. ಇಷ್ಟರಲ್ಲೇ ಬೇರ್ಪಡಿಸಲು ಆಗುತ್ತದೆಯೇ?

ಫಿಲ್ಟರ್_ಕೋಣೆ

ಸಾಕಷ್ಟು ಆಗುತ್ತದೆ. ಮೊದಲು ಬಿಸಿ ಕೊಳವೆ: ಎಸ್‌ಎಂಪಿಎಸ್‌ಗೆ ಹೋಗುವ ಗಾಳಿಯನ್ನು ಒಂದು ಸ್ಕ್ಯಾನ್ ಹಾಗೆಯೇ, ಮುಂದಿನದನ್ನು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಳೆಯಿರಿ. ಅಮೋನಿಯಂ ಸಲ್ಫೇಟ್ ಅಷ್ಟರಲ್ಲಿ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 40ರ ಗುಡ್ಡ ಕಾಣೆಯಾದರೆ ಅದು ಉಪ್ಪಲ್ಲ. ಆದರೆ ಮಸಿಯೂ ಆ ಬಿಸಿಗೆ ಹೋಗುವುದಿಲ್ಲ. ಇಥಲೋಮೀಟರಿನಲ್ಲಿ ಕಪ್ಪು ಇಂಗಾಲ ಏರಿದ ಗಂಟೆಗಳನ್ನು ತೆಗೆದುಹಾಕಿಯೇ ಲೆಕ್ಕ ಮಾಡಿ. ಇನ್ನೊಂದು ಎಚ್ಚರ: ಪೊರೆ ಒಡೆದು ಬರುವ ಸಣ್ಣ ತುಂತುರಿನಲ್ಲಿ ಸಾವಯವ ವಸ್ತು ಬೆರೆತಿರುತ್ತದೆ, ಪ್ಲವಕ ಹುಲುಸಾಗಿರುವ ಕಾಲದಲ್ಲಿ ಬಹಳವೇ. ಅದು ಕಾಯಿಸಿದಾಗ ಕುಗ್ಗುವುದರಿಂದ ತುಂತುರಿನ ಪಾಲು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಫಿಲ್ಟರಿಗೆ 1 ಮೈಕ್ರಾನ್ ಇಂಪ್ಯಾಕ್ಟರ್ (ಅದಕ್ಕಿಂತ ದೊಡ್ಡ ಕಣಗಳನ್ನು ತಡೆಯುವ ಸಾಧನ) ಹಾಕಿ, ದೊಡ್ಡ ಉಪ್ಪು ಮೊದಲೇ ನಿಲ್ಲಲಿ. ಆಮೇಲೆ ಸಮುದ್ರದ ಸಲ್ಫೇಟ್ ಕಳೆಯಿರಿ: ಸೋಡಿಯಂ ತೂಕಕ್ಕೆ 0.252 ಗುಣಿಸಿದರೆ ಬರುವುದು ಉಪ್ಪಿನ ಜೊತೆ ಬಂದ ಸಲ್ಫೇಟ್. ಘನ ಮೀಟರಿಗೆ ಸೋಡಿಯಂ 4, ಒಟ್ಟು ಸಲ್ಫೇಟ್ 2.5 ಮೈಕ್ರೋಗ್ರಾಂ ಇದ್ದರೆ ಉಪ್ಪಿನದು 1, ಉಳಿದ 1.5 ಬೇರೆ ಮೂಲದ್ದು. ಆ 1.5ರಲ್ಲಿ ಡಿಎಂಎಸ್ ಎಷ್ಟು ಎಂಬುದಕ್ಕೆ ಮೀಥೇನ್‌ಸಲ್ಫೋನಿಕ್ ಆಮ್ಲವೇ ಗುರುತು. ಅದಕ್ಕೆ ಡಿಎಂಎಸ್ ಬಿಟ್ಟು ಬೇರೆ ದೊಡ್ಡ ಮೂಲವಿಲ್ಲ. ಶುದ್ಧ ಉಷ್ಣವಲಯದ ಸಮುದ್ರದಲ್ಲಿ ಈ ಆಮ್ಲಕ್ಕೂ ಆ ಸಲ್ಫೇಟಿಗೂ ಇರುವ ಅನುಪಾತ ಸುಮಾರು 0.06. ತಂಪು ಪ್ರದೇಶದಲ್ಲಿ ಇದು ಹೆಚ್ಚು, ಅಲ್ಲಿನ ಸಂಖ್ಯೆ ತಂದು ಇಲ್ಲಿ ಹಾಕಬೇಡಿ. ನಿಮ್ಮಲ್ಲಿ ಇದಕ್ಕಿಂತ ಬಹಳ ಕಡಿಮೆ ಬಂದರೆ ಹಡಗು, ದೋಣಿ, ನೆಲದ ಹೊಗೆ ಬೆರೆತಿದೆ.

ಕ್ಲೋರೈಡನ್ನು ಉಪ್ಪಿನ ಅಳತೆಗೆ ಬಳಸಬೇಡಿ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ತೂಕದಲ್ಲಿ ಸೋಡಿಯಂನ 1.8 ಪಟ್ಟು. ಗಾಳಿಯಲ್ಲಿ ಗಂಧಕಾಮ್ಲ, ನೈಟ್ರಿಕ್ ಆಮ್ಲ ತಾಗಿದರೆ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲವಾಗಿ ಹಾರಿಹೋಗಿ ಅನುಪಾತ ಇಳಿಯುತ್ತದೆ. ಆ ಇಳಿತವೇ ಗಾಳಿ ಎಷ್ಟು ಮಲಿನ ಎಂಬುದರ ಸೂಚನೆ.

ಅಲೆನೊರೆ

ಜಾಗ ಮತ್ತು ಕಾಲದ ಬಗ್ಗೆ ಸೇರಿಸುತ್ತೇನೆ. ಚಳಿಗಾಲದ ಮಧ್ಯಾಹ್ನ ಬೀಸುವ ಕಡಲಗಾಳಿಯನ್ನು ಶುದ್ಧ ಸಮುದ್ರದ ಗಾಳಿ ಎಂದು ಎಣಿಸಬೇಡಿ. ರಾತ್ರಿ ನೆಲಗಾಳಿ ಹೊತ್ತು ಹೋದ ಹೊಗೆಯನ್ನೇ ಅದು ವಾಪಸು ತರುತ್ತದೆ, ಮೇಲಾಗಿ ಆ ಕಾಲದಲ್ಲಿ ಅರಬ್ಬಿ ಸಮುದ್ರದ ಮೇಲೂ ಭೂಖಂಡದ ಹೊಗೆಯೇ. ಹಿಂದೂ ಮಹಾಸಾಗರದ ಗಾಳಿಯನ್ನು ಅಳೆದ 1999ರ ಇಂಡೊಎಕ್ಸ್ ಅಭಿಯಾನ ತೋರಿಸಿದ್ದು ಅದನ್ನೇ. ನಿಮಗೆ ಬೇಕಾದದ್ದು ಜೂನ್, ಜುಲೈ. ನೈಋತ್ಯ ಗಾಳಿ ಬಿಡದೆ ಬೀಸುತ್ತದೆ, ಜೊತೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಟ್ರಾಲರ್ ಹೊಗೆಯೂ ಇರುವುದಿಲ್ಲ. ಆದರೂ ಅರೇಬಿಯಾದ ಧೂಳು ಬೆರೆಯಬಹುದು. ಕ್ಯಾಲ್ಸಿಯಂನಿಂದ ಸೋಡಿಯಂನ 0.038 ಭಾಗ ಕಳೆದು ನೋಡಿ, ಉಳಿದದ್ದು ಹೆಚ್ಚಿದ್ದರೆ ಧೂಳು.

ದಡದಲ್ಲೇ ಮುರಿಯುವ ಅಲೆಯ ತುಂತುರು ತೆರೆದ ಸಮುದ್ರದ್ದನ್ನು ಮುಚ್ಚಿಹಾಕುತ್ತದೆ. ಗಾಳಿ ಎಳೆಯುವ ಬಾಯಿ ಆದಷ್ಟು ಎತ್ತರದಲ್ಲಿರಲಿ, ಎರಡು ಎತ್ತರದಲ್ಲಿ ಅಳೆದು ಹೋಲಿಸಿದರೆ ಇನ್ನೂ ಒಳ್ಳೆಯದು. ಕೊಳವೆ ಗಿಡ್ಡದಾಗಿ, ಸ್ಟೀಲಿನದಾಗಿರಲಿ: ಉದ್ದವಾದರೆ 10 ನ್ಯಾನೋಮೀಟರಿಗಿಂತ ಸಣ್ಣವು ಗೋಡೆಗೆ ಅಂಟುತ್ತವೆ, ತಿರುವಿದ್ದರೆ ದೊಡ್ಡವು. ಮುಂಗಾರಿನ ತೇವದಲ್ಲಿ ಉಪ್ಪಿನ ಕಣ ಒಣ ವ್ಯಾಸದ ಎರಡುಪಟ್ಟು ಮೀರಿ ಉಬ್ಬಿರುತ್ತದೆ, ಆದ್ದರಿಂದ ನೇಫಿಯಾನ್ ಒಣಕದಿಂದ (ಗಾಳಿಯ ತೇವ ತೆಗೆಯುವ ಕೊಳವೆ) ಆರ್ದ್ರತೆಯನ್ನು ಶೇ. 40ಕ್ಕಿಂತ ಕೆಳಗಿಳಿಸಿಯೇ ಅಳೆಯಿರಿ. ಒಣಕ ಸೋತರೆ ಸಿಪಿಸಿಯ (ಎಸ್‌ಎಂಪಿಎಸ್‌ನಲ್ಲಿ ಕಣ ಎಣಿಸುವ ಭಾಗ) ಬ್ಯೂಟನಾಲ್‌ಗೂ ನೀರು ಸೇರಿ ಎಣಿಕೆ ಮೆಲ್ಲಗೆ ಕುಸಿಯುತ್ತದೆ; ಆ ಎರಡು ತಿಂಗಳು ದಿನಾ ಹಳೆಯದನ್ನು ಬಸಿದು ಹೊಸದು ತುಂಬಿ.