ಸ್ಕೈರಿಮ್ ಆದಮೇಲೆ ಮಾರೋವಿಂಡಾ, ಆಬ್ಲಿವಿಯನ್ನಾ?

ಪ್ರಶ್ನೆ:
ನಾನು ಆಡುವುದೆಲ್ಲ ಮಗಳು ಮಲಗಿದ ಮೇಲೆ. ಸಿಗುವುದು ಒಂದು ಗಂಟೆ, ಅದೂ ಹೆಡ್‌ಫೋನ್ ಹಾಕಿಕೊಂಡು. ಎಲ್ಡರ್ ಸ್ಕ್ರೋಲ್ಸ್ ಅನ್ನೋ ವಿಡಿಯೊ ಗೇಮ್ ಸರಣಿಯಲ್ಲಿ ಆಡಿರುವುದು ಸ್ಕೈರಿಮ್ ಒಂದೇ. ಪ್ರತಿ ಸಲ ಮಾಂತ್ರಿಕನಾಗಬೇಕು ಅಂತ ಶುರು ಮಾಡುತ್ತೇನೆ. ಶುರುವಿನಲ್ಲೇ ಬರುವ ಬ್ಲೀಕ್ ಫಾಲ್ಸ್ ಬ್ಯಾರೋ ಅನ್ನೋ ಹಳೇ ಗೋರಿ ಮುಗಿಯುವಷ್ಟರಲ್ಲಿ ಕೈಗೆ ಬಿಲ್ಲು ಬಂದಿರುತ್ತದೆ, ಕತ್ತಲಲ್ಲಿ ಬಗ್ಗಿಕೊಂಡು ಬಾಣ ಬಿಡುತ್ತಿರುತ್ತೇನೆ. ಮುಖ್ಯ ಕಥೆ ಮುಗಿದಿಲ್ಲ. ವೈಟ್‌ರನ್ ಊರಿನ ನನ್ನ ಮನೆಯ ಕಪಾಟಿನ ತುಂಬ ಚೀಸ್ ಮಾತ್ರ ಜೋಡಿಸಿಟ್ಟಿದ್ದೇನೆ!

ಈಗ ಹಿಂದಿನವನ್ನು ಆಡೋಣ ಅಂತ. 2002ರ ಮಾರೋವಿಂಡಾ, 2006ರ ಆಬ್ಲಿವಿಯನ್ನಾ? ಯಾವುದು ಶ್ರೇಷ್ಠ ಅನ್ನೋ ಜಗಳ ಬೇಡ. ಆ ಒಂದು ಗಂಟೆಯಲ್ಲಿ ಏನಾದರೂ ಆಯಿತು ಅನ್ನಿಸಬೇಕು, ಅಷ್ಟೇ.

ಉತ್ತರ 1:
ಕಣ್ಣು ಮುಚ್ಚಿಕೊಂಡು ಮಾರೋವಿಂಡ್ ಆಡಿ ಗುರುಗಳೇ. ದಾರಿ ತೋರಿಸೋ ಬಾಣದ ಗುರುತು ಇಲ್ಲ. ಸೇತುವೆ ದಾಟು, ಆಮೇಲೆ ಎಡಕ್ಕೆ ಹೋಗು ಅಂತ ಜನ ಬಾಯಲ್ಲಿ ಹೇಳುತ್ತಾರೆ, ನೀವು ಹುಡುಕಿಕೊಂಡು ಹೋಗಬೇಕು. ಶುರುವಿನ ಊರು ಸೇಡಾ ನೀನ್ ಬಿಟ್ಟು ಸ್ವಲ್ಪ ದೂರ ನಡೆದರೆ ಆಕಾಶದಿಂದ ಒಬ್ಬ ಕಿರುಚುತ್ತಾ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಜಿಗಿತದ ಮಂತ್ರದ ಸುರುಳಿಗಳಿರುತ್ತವೆ. ಒಂದನ್ನು ಓದಿ ಜಿಗಿಯಿರಿ, ಅವನು ಯಾಕೆ ಸತ್ತ ಅಂತ ಗೊತ್ತಾಗುತ್ತದೆ.

ಸ್ಕೈರಿಮ್‌ನಲ್ಲಿ ಮುಖ್ಯ ಪಾತ್ರಗಳನ್ನು ಎಷ್ಟು ಹೊಡೆದರೂ ಮಂಡಿಯೂರಿ ಮತ್ತೆ ಏಳುತ್ತಾರೆ. ಇಲ್ಲಿ ಸತ್ತರೆ ಸತ್ತರು. ಭವಿಷ್ಯವಾಣಿಯ ಎಳೆ ಕಡಿಯಿತು, ಹಳೇ ಸೇವ್‌ಗೆ ಹೋಗು, ಇಲ್ಲಾಂದ್ರೆ ಹೀಗೇ ಮುಂದುವರಿ ಅಂತ ಆಟವೇ ಹೇಳಿಬಿಡುತ್ತದೆ.

ಉತ್ತರ 2:
ಒಂದು ಗಂಟೆಯವರಿಗೆ ಮಾರೋವಿಂಡಾ! ಮೊದಲ ಕೆಲಸದಲ್ಲೇ ಆರ್ಕ್‌ಎನ್‌ಥ್ಯಾಂಡ್ ಅನ್ನೋ ಪಾಳುಜಾಗದಲ್ಲಿ ಪುಟ್ಟ ಪೆಟ್ಟಿಗೆ ಹುಡುಕಬೇಕು. ಕಪಾಟಿನ ಮೇಲೇ ಇರುತ್ತದೆ, ಕಣ್ಣಿಗೆ ಬೀಳಲ್ಲ. ಇವರ ವಾರವೆಲ್ಲ ಅದಕ್ಕೇ ಹೋಗುತ್ತದೆ.

ಆಬ್ಲಿವಿಯನ್‌ನಲ್ಲಿ ಡಾರ್ಕ್ ಬ್ರದರ್‌ಹುಡ್ ಅನ್ನೋ ಸುಪಾರಿ ಕೊಲೆಗಾರರ ಗುಂಪು ಸೇರಿ. ಒಂದು ಕೂತಿಗೆ ಒಂದು ಕೆಲಸ ಮುಗಿಯುತ್ತದೆ. ಒಂದರಲ್ಲಿ ಬೀಗ ಹಾಕಿದ ಬಂಗಲೆಯೊಳಗೆ ಐದು ಜನ ಅತಿಥಿಗಳು, ಆರನೆಯವರು ನೀವು. ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗಬೇಕು. ಉಳಿದವರು ನಿಮ್ಮನ್ನೇ ನಂಬಿಕೊಂಡು ಬೇರೆಯವರ ಮೇಲೆ ಅನುಮಾನ ಪಡುತ್ತಾರೆ. ಇಂಥದ್ದು ಸ್ಕೈರಿಮ್‌ನಲ್ಲಿ ಎಲ್ಲಿದೆ?

ಕೆಟ್ಟದ್ದೂ ಇದೆ. ನೀವು ಬಲಿತಷ್ಟೂ ಶತ್ರುಗಳೂ ಬಲಿಯುತ್ತಾರೆ. ಮೈಮೇಲೆ ದುಬಾರಿ ಗ್ಲಾಸ್ ಕವಚ ಹಾಕಿಕೊಂಡ ದರೋಡೆಕೋರ ದಾರಿಯಲ್ಲಿ ಅಡ್ಡ ಹಾಕಿ ಬರೀ 100 ಚಿನ್ನ ಕೇಳುತ್ತಾನೆ. ಆ ಕವಚ ಮಾರಿಕೊಳ್ಳೋ ಮಾರಾಯ ಅನ್ನಿಸುತ್ತದೆ. ಇದನ್ನೇ ಹೊಸದಾಗಿ ಮಾಡಿದ 2025ರ ರೀಮಾಸ್ಟರ್‌ನಲ್ಲಿ ಲೆವೆಲ್ ಏರುವ ಲೆಕ್ಕ ಸರಳ ಮಾಡಿದ್ದಾರೆ, ಪ್ರತಿ ಲೆವೆಲ್‌ಗೆ 12 ಪಾಯಿಂಟ್ ಹಂಚಿಕೊಂಡರೆ ಆಯಿತು. ಶತ್ರುಗಳ ಆ ಚಾಳಿ ಮಾತ್ರ ಪೂರ್ತಿ ಹೋಗಿಲ್ಲ.

ಪ್ರಶ್ನೆ ಕೇಳಿದವರು:
ರೀಮಾಸ್ಟರ್‌ಗೆ 125 ಜಿಬಿ ಬೇಕಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ಆಫೀಸಿನದೇ ಅರ್ಧ ತುಂಬಿದೆ. 2006ರದ್ದನ್ನೇ ಹಾಕುತ್ತೇನೆ, ಬಂಗಲೆ ಕೇಳಿ ಆಸೆ ಹುಟ್ಟಿತು. ಆದರೆ ದಾರಿ ಕೇಳಿಕೊಂಡು ಹೋಗುವುದೂ ಬಿಡಲು ಮನಸ್ಸಿಲ್ಲ. ಮಾರೋವಿಂಡ್‌ನಲ್ಲಿ ಕತ್ತಿ ತಾಗಿದರೂ ಏಟು ಬೀಳಲ್ಲ ಅಂತಾರಲ್ಲ, ನಿಜಾನಾ?

ಉತ್ತರ 1:
ನಿಜ. ಏಟು ಬೀಳುತ್ತೋ ಇಲ್ಲವೋ ಅಂತ ಒಳಗೆ ದಾಳ ಉರುಳುತ್ತಿರುತ್ತದೆ. ದಣಿವು ತೋರಿಸೋ ಹಸಿರು ಪಟ್ಟಿ ಖಾಲಿಯಾಗಿದ್ದರೆ ಇಲಿಗೂ ಏಟು ಬೀಳಲ್ಲ. ಹಾಗಾಗಿ ಓಡಿಕೊಂಡು ಹೋಗಿ ಜಗಳಕ್ಕೆ ಬೀಳಬೇಡಿ, ನಿಂತು ಸುಧಾರಿಸಿಕೊಂಡು ಹೊಡೆಯಿರಿ. ಶುರುವಿನಲ್ಲಿ ಯಾವ ಆಯುಧವನ್ನು ಮೇಜರ್ ಸ್ಕಿಲ್, ಅಂದರೆ ಮುಖ್ಯ ಕೌಶಲ, ಮಾಡಿಕೊಂಡಿರೋ ಅದನ್ನೇ ಹಿಡಿಯಿರಿ. ಮತ್ತೆ, ಮಾರೋವಿಂಡನ್ನು ನಡೆಸೋ ಹೊಸ ಎಂಜಿನ್ ಓಪನ್‌ಎಮ್‌ಡಬ್ಲ್ಯೂ ಹಾಕಿಕೊಂಡು ಆಡಿ. ಅದು ಉಚಿತ, ಆದರೆ ಮೂಲ ಆಟ ಕೊಂಡಿರಬೇಕು. ನಿಮ್ಮ ಲ್ಯಾಪ್‌ಟಾಪಿಗೆ ಅದು ಯಾವ ಲೆಕ್ಕ.