ಅಪ್‌ಡೇಟ್: ಎಲ್‌ಡಿಎಲ್ ಜಾಗದಲ್ಲಿ ಗೆರೆ ಇದ್ದ ರಿಪೋರ್ಟ್

ಹೋದ ತಿಂಗಳು ಕೇಳಿದ್ದೆ: ನನ್ನ ಕೊಲೆಸ್ಟ್ರಾಲ್ ಟೆಸ್ಟ್ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 436, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜಾಗದಲ್ಲಿ ಬರೀ ಒಂದು ಗೆರೆ, ಏನಿದು ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದ್ದೇ ಸರಿ. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ, ಅದಕ್ಕೇ ಆ ಗೆರೆ. ನಾನೋ ಹಿಂದಿನ ರಾತ್ರಿ ಮದುವೆಮನೆಯಲ್ಲಿ ತುಪ್ಪ ಸುರಿದುಕೊಂಡು ನಾಲ್ಕು ಹೋಳಿಗೆ ತಿಂದು, ಬೆಳಿಗ್ಗೆ ಕಾಫಿ ಕುಡಿದೇ ರಕ್ತ ಕೊಟ್ಟಿದ್ದೆ.

ಈ ಸಲ 12 ಗಂಟೆ ಏನೂ ತಿನ್ನದೆ ಹೋದೆ. ಒಟ್ಟು 212, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 190, ಎಲ್‌ಡಿಎಲ್ 136.

ಅಪ್ಪನಿಗೆ 48ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು ಅಂದಾಗ ಡಾಕ್ಟರ್ ಲಿಪೊಪ್ರೋಟೀನ್-ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ, ಜಾಸ್ತಿಯಾದರೆ ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚಿಸುವ ಒಂದು ಕಣ) ಟೆಸ್ಟನ್ನೂ ಬರೆದರು. 74 ಬಂತು. ಡೆಸಿಲೀಟರ್‌ಗೆ 50 ಮಿಲಿಗ್ರಾಂ ದಾಟಿದರೆ ಜಾಸ್ತಿ ಅಂತೆ. ಇದು ವಂಶದಿಂದ ಬರುವಂಥದ್ದು, ಪಥ್ಯಕ್ಕೂ ವಾಕಿಂಗ್‌ಗೂ ಅಷ್ಟಾಗಿ ಬಗ್ಗುವುದಿಲ್ಲ. ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಆದರೆ ಎಲ್‌ಡಿಎಲ್ ಇಳಿಸುವುದು ನಮ್ಮ ಕೈಯಲ್ಲಿದೆ ಅಲ್ವಾ ಅಂತ ಡಾಕ್ಟರ್ ಧೈರ್ಯ ಹೇಳಿ ಸ್ಟ್ಯಾಟಿನ್ (ಎಲ್‌ಡಿಎಲ್ ಇಳಿಸುವ ಮಾತ್ರೆ) ಶುರು ಮಾಡಿದ್ದಾರೆ. ಆರು ವಾರ ಬಿಟ್ಟು ಮತ್ತೆ ಟೆಸ್ಟ್. ತಮ್ಮನಿಗೂ ಮಾಡಿಸಿಕೋ ಅಂದಿದ್ದೇನೆ, ಶನಿವಾರ ಹೋಗುತ್ತಾನೆ.